ಲಿಫ್ಟಿನ ಪಕ್ಕದ ಕೋಣೆ

"ಎಲ್ಲಿದೆ ಸದ್ದು?" ಎಂದು ಕೇಳಿದವಳು ನಾನೇ. ಆಗ ಯಾರಾದರೂ ನನ್ನ ಬಾಯಿಗೆ ಬಟ್ಟೆ ತುರುಕಿದ್ದರೆ ಪುಣ್ಯ ಬರುತ್ತಿತ್ತು.

ಕೋಣೆ ತೋರಿಸುತ್ತಿದ್ದವಳು ಆ ಮಹಡಿಯ ಮುಂದಿನ ಮೇಜಿನಲ್ಲಿ ಕೂರುವ ಹೆಣ್ಣುಮಗಳು. ಬಂದವರಿಗೆಲ್ಲ ಒಂದೇ ಅಳತೆಯಲ್ಲಿ ನಗುತ್ತಾಳೆ. ಹಾಗಾಗಿ ನಾನು ಮನಸ್ಸಿನಲ್ಲೇ ಅವಳಿಗೆ ನಗುಮುಖಿ ಎಂದು ಹೆಸರಿಟ್ಟುಬಿಟ್ಟಿದ್ದೆ. "ಮೇಡಂ, ಆಮೇಲೆ ಬೈಬೇಡಿ, ಮೊದ್ಲೇ ಹೇಳಿಬಿಡ್ತೀನಿ. ಈ ರೂಮಲ್ಲಿ ಸ್ವಲ್ಪ ಸದ್ದು ಜಾಸ್ತಿ. ಅದಕ್ಕೇ ಬಾಡಿಗೆ ಕಮ್ಮಿ" ಎಂದಳು. ನಾನು ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಏನೂ ಕೇಳಲಿಲ್ಲ. ಹಾಗೆಂದೇ ಹೇಳಿದೆ.

"ನಿಮ್ಮ ಕಿವಿ ಪುಣ್ಯ ಮಾಡಿದೆ ಬಿಡಿ. ಹಿಂದೆ ಇದ್ದೋರು ಒಂದು ತಿಂಗಳೂ ತಡ್ಕೊಳ್ಲಿಲ್ಲ" ಎಂದು ಅವಳು ಇನ್ನೂ ಸ್ವಲ್ಪ ಅಗಲವಾಗಿ ನಕ್ಕಳು. ಅಗ್ಗಕ್ಕೆ ಸಿಕ್ಕಿತೆಂದು ನಾನು ಅಲ್ಲೇ ನಿಂತು ರುಜು ಹಾಕಿದೆ. ಆ ಕೋಣೆಯ ಗೋಡೆಯ ಆಚೆ ಕಡೆ ಲಿಫ್ಟು ಓಡಾಡುತ್ತಿತ್ತು. ಇಪ್ಪತ್ತು ವರ್ಷ ಲಿಫ್ಟುಗಳ ಜೊತೆಗೇ ಬದುಕಿದವಳಿಗೆ ಲಿಫ್ಟಿನ ಸದ್ದು ಸದ್ದೇ ಅಲ್ಲ. ಸ್ವಂತ ಉಸಿರನ್ನು ಯಾರಾದರೂ ಕೇಳಿಸಿಕೊಳ್ಳುತ್ತಾರೆಯೇ?

ನನ್ನ ಮಟ್ಟಿಗೆ ಅದು ಸರಿ. ಆದರೆ ಯಾರನ್ನು ಲಿಫ್ಟಿನಿಂದ ದೂರ ಇಡಬೇಕೆಂದು ನಾನು ಆ ಕೋಣೆ ಹಿಡಿದೆನೋ, ಆ ಮನುಷ್ಯನನ್ನು ಕರೆದುಕೊಂಡು ಹೋಗಿ ಲಿಫ್ಟಿಗೇ ಬೆನ್ನು ಕೊಟ್ಟು ಕೂರಿಸಿದೆ. ಬೆಕ್ಕನ್ನು ಹಾಲಿನ ಪಾತ್ರೆಯ ಪಕ್ಕದಲ್ಲೇ ಕಟ್ಟಿದ ಹಾಗೆ.

ನಮ್ಮವರು ಲಿಫ್ಟ್ ರಿಪೇರಿ ಮಾಡುವವರು. ಅವರು, ಅವರ ತಮ್ಮ ಮತ್ತು ನಾನು, ಇಷ್ಟೇ ನಮ್ಮ ಕಂಪನಿ. ಲಿಫ್ಟು ಏರಿಳಿಯುವ ಆ ಉದ್ದನೆಯ ಕತ್ತಲೆ ಕೊಳವೆಗೆ ನಾವು ಬಾವಿ ಎನ್ನುತ್ತೇವೆ. ಅಣ್ಣ ತಮ್ಮ ಬಾವಿಗೆ ಇಳಿಯುವವರು, ನಾನು ಮೇಲೆ ಯಂತ್ರದ ಕೋಣೆಯಲ್ಲಿ ಸ್ವಿಚ್ ಕಾಯುವವಳು. ಒಬ್ಬರು ಒಳಗಿದ್ದಾಗ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ದಾರದಲ್ಲಿ ಕೊರಳಿಗೆ ಹಾಕಿಕೊಂಡು ನಿಲ್ಲಬೇಕು. ಒಳಗಿನವರು ಏನು ಮಾಡುವ ಮೊದಲೂ ಕೂಗುತ್ತಾರೆ: "ಇದೀಯಾ?" ಮೇಲಿನವರು ಹೇಳಬೇಕು: "ಇದೀನಿ." ಉತ್ತರ ಬಾರದೆ ಒಳಗಿನವರು ಬೆರಳೂ ಆಡಿಸುವುದಿಲ್ಲ. ಒಮ್ಮೆ 'ಇದೀನಿ' ಎಂದವರು ಆಕಾಶ ಕಳಚಿ ಬಿದ್ದರೂ ಅಲ್ಲಿಂದ ಕದಲುವ ಹಾಗಿಲ್ಲ. ಒಳಗಿದ್ದವರು ಹೊರಬಂದು, ತಾವೇ ಎದುರು ನಿಂತು, "ಕೈ ಕೊಡು" ಎಂದು ಬೀಗದ ಕೈ ಇಸಿದುಕೊಂಡು ಬೀಗ ತೆಗೆದ ಮೇಲೇ ಬಿಡುಗಡೆ. ಇದು ನಮ್ಮ ಮಾವನವರು ಹಾಕಿಕೊಟ್ಟ ಕ್ರಮ.

"ನಮ್ಮನೇಯೋಳ ಕೆಲಸ ಏನು ಗೊತ್ತಾ? ನಿಂತ್ಕೊಳೋದು" ಎಂದು ನಮ್ಮವರು ಸಿಕ್ಕವರ ಮುಂದೆಲ್ಲ ತಮಾಷೆ ಮಾಡುತ್ತಿದ್ದರು. "ಲೋಕದಲ್ಲಿ ನಿಂತಿದ್ದಕ್ಕೇ ಊಟ ಸಿಗೋದು ಕಂಬಕ್ಕೂ ಇಲ್ಲ, ಇವಳಿಗಿದೆ." ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಏನು ಮಾಡಲಿ, ತಮಾಷೆ ಚೆನ್ನಾಗಿಯೇ ಇತ್ತು.

ಹೋದ ವರ್ಷ ಅವರಿಗೆ ತಲೆಸುತ್ತು ಶುರುವಾಯಿತು. ಕಿವಿಯ ಒಳಗಿನ ತೊಂದರೆ ಎಂದರು ಡಾಕ್ಟರು. ಹೇಳಿ ಕೇಳಿ ಬರುವುದಿಲ್ಲ, ಬಂದರೆ ನೆಲ ಯಾವುದು ಸೂರು ಯಾವುದು ಗೊತ್ತಾಗುವುದಿಲ್ಲ. "ಇನ್ಮೇಲೆ ಸ್ಟೂಲ್ ಕೂಡ ಹತ್ಬೇಡಿ" ಎಂದು ಡಾಕ್ಟರು ಹೇಳಿದರೆ, ಇವರು ತಲೆಯಾಡಿಸಿ ಬಂದು ಮರುದಿನವೇ ಚೀಲ ಹೆಗಲಿಗೇರಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ರೀ, ತಮ್ಮ ಒಳಗೆ ಇಳೀಲಿ. ನೀವು ಸ್ವಿಚ್ ಕಾಯ್ರಿ. ನನ್ನ ಜಾಗ ತಗೊಳ್ಳಿ."

"ನಾನು ಸ್ವಿಚ್ ಕಾಯ್ಬೇಕಾ?" ಅವರಿಗೆ ನಿಜಕ್ಕೂ ಅವಮಾನವಾಗಿತ್ತು. "ಅಲ್ಲಿ ನಿಂತ್ಕೊಂಡು ನೊಣ ಹೊಡೀಲಾ?"

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಇಪ್ಪತ್ತು ವರ್ಷ ನೊಣ ಹೊಡೆಯುತ್ತಿದ್ದೆನೇ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಒಂದು ತಿಂಗಳ ನಂತರ ಮೈದುನ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ. "ಅತ್ತಿಗೆ, ಇವತ್ತು ಅಣ್ಣ ಬಾವಿ ಒಳಗೆ ಹಗ್ಗ ಹಿಡ್ಕೊಂಡು ಸುಮ್ನೆ ನಿಂತುಬಿಟ್ಟಿದ್ದ. ಕಣ್ಣು ಎಲ್ಲೋ ಇತ್ತು. ನಾನು ಪಕ್ಕದಲ್ಲಿ ಇಲ್ದಿದ್ರೆ... ಹೇಗಾದ್ರೂ ನಿಲ್ಸಿ ಅವನ್ನ. ನನ್ನ ಮಾತಂತೂ ಕೇಳಲ್ಲ." ನಾನೂ ಆ ಹೊತ್ತಿನಲ್ಲಿ ಅದೇ ಕಟ್ಟಡದ ಮೇಲೆ ನಿಂತಿದ್ದೆ. ಅವರು ಕೂಗಿದ್ದರು, ನಾನು 'ಇದೀನಿ' ಎಂದಿದ್ದೆ. ಧ್ವನಿಯಲ್ಲಿ ಏನೂ ಗೊತ್ತಾಗಿರಲಿಲ್ಲ.

ಆಗಲೇ ಆ ಮೂರು ಟವರುಗಳ ಸುದ್ದಿ ಬಂದದ್ದು. ಬ್ಯಾಂಕುಗಳೂ ಷೇರಿನವರೂ ತುಂಬಿರುವ ಬಡಾವಣೆಯಲ್ಲಿ ಅಕ್ಕಪಕ್ಕ ನಿಂತ ಮೂರು ಗಾಜಿನ ಟವರು. ಅವುಗಳ ಲಿಫ್ಟುಗಳನ್ನು ರಿಪೇರಿ ಮಾಡಲು ಬೇರೆ ಕಂಪನಿಗಳಿವೆ, ಆ ಕಂಪನಿಗಳು ಸರಿಯಾಗಿ ಮಾಡುತ್ತಿವೆಯೇ ಎಂದು ನೋಡಲು ಅನುಭವಸ್ಥರೊಬ್ಬರು ಬೇಕು. ಕೂತು ವರದಿ ಓದುವುದು, ತಪ್ಪು ಹಿಡಿಯುವುದು, ಫೋನಿನಲ್ಲಿ ಬೈಯುವುದು. ಕುರ್ಚಿಯ ಕೆಲಸ! ಬಾವಿ ಇಲ್ಲ, ಏಣಿ ಇಲ್ಲ, ಮೇಲಾಗಿ ಮರ್ಯಾದೆ. ಒಂದೇ ಷರತ್ತು, ಅದೇ ಬಡಾವಣೆಯಲ್ಲಿ ಆಫೀಸು ಇರಬೇಕು, ಮ್ಯಾನೇಜರು ಖುದ್ದಾಗಿ ಬಂದು ನೋಡುತ್ತಾರೆ. ನಮ್ಮ ಆಫೀಸೆಂದರೆ ಮನೆಯ ಮುಂದಿನ ಶೆಡ್ಡು. ಅದಕ್ಕಾಗಿಯೇ ಈ ಬಾಡಿಗೆ ಕೋಣೆ. ಈ ಕೆಲಸ ಸಿಕ್ಕರೆ ನಮ್ಮವರು ನೆಲದ ಮೇಲೆ ಉಳಿಯುತ್ತಾರೆ, ಸಿಗದಿದ್ದರೆ ಮತ್ತೆ ಬಾವಿಗೆ ಇಳಿಯುತ್ತಾರೆ, ಒಂದು ದಿನ ಯಾರೋ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ, ಬೇರೆ ಯಾವ ಲೆಕ್ಕವೂ ಇರಲಿಲ್ಲ.

ಹದಿನೈದು ಮಹಡಿಯ ಕಟ್ಟಡದ ಹದಿನಾಲ್ಕನೇ ಮಹಡಿಯಲ್ಲಿ ನಮ್ಮ ಕೋಣೆ. ನೆಲದ ಮೇಲೆ ಉಳಿಸುತ್ತೇನೆಂದು ಹೊರಟವಳು ಹಿಡಿದದ್ದು ಹದಿನಾಲ್ಕನೇ ಮಹಡಿ, ನನ್ನ ಜಾಣತನಕ್ಕೆ ನಾನೇ ಮೆಚ್ಚಬೇಕು. ಗಾಜಿನ ಬಾಗಿಲು, ಕಿಟಕಿ ಇಲ್ಲ, ಎರಡು ತಿರುಗುವ ಕುರ್ಚಿ, ಒಂದು ಮೇಜು. ಬಾಗಿಲ ಪಕ್ಕದಲ್ಲಿ ಹೆಸರಿನ ಫಲಕ ಸಿಕ್ಕಿಸುವ ಸಣ್ಣ ಕಟ್ಟು. ಇವತ್ತು ಒಂದು ಹೆಸರು ಸಿಕ್ಕಿಸಿದರೆ ನಾಳೆ ತೆಗೆದು ಇನ್ನೊಂದು. ಆ ಮಹಡಿಯಲ್ಲಿ ಅಂಥ ಮೂವತ್ತು ಕೋಣೆಗಳು. ಕಾಫಿ ಮೆಶಿನ್ನು, ಇಂಟರ್ನೆಟ್ಟು, ಗಂಟೆಯ ಲೆಕ್ಕದಲ್ಲಿ ಮೀಟಿಂಗ್ ರೂಮು ಎಲ್ಲ ಬಾಡಿಗೆಯಲ್ಲೇ ಸೇರಿದೆ. ಯಾರೇ ಫೋನ್ ಮಾಡಲಿ ನಗುಮುಖಿ ಆಯಾ ಕಂಪನಿಯ ಹೆಸರು ಹೇಳಿಯೇ ಎತ್ತುತ್ತಾಳೆ. ಮೂವತ್ತು ಕಂಪನಿಗೂ ಒಬ್ಬಳೇ ಬಾಯಿ. ಒಮ್ಮೆ ಅವಳ ಅಮ್ಮನೇ ಫೋನ್ ಮಾಡಿದಾಗಲೂ "ನಮಸ್ಕಾರ, ಯಾರ ಜೊತೆ ಮಾತಾಡ್ಬೇಕಿತ್ತು?" ಎಂದಿದ್ದಳಂತೆ.

ಹೊರಗೆ ಬೀದಿಯಲ್ಲಿ ಎಲ್ಲರೂ ಯಾರೋ ಅಟ್ಟಿಸಿಕೊಂಡು ಬಂದವರಂತೆ ನಡೆಯುತ್ತಿದ್ದರು. ಎಲ್ಲರ ಕೊರಳಲ್ಲೂ ದಾರ, ದಾರದಲ್ಲಿ ಕಾರ್ಡು. ನಮಗೂ ಕೊಟ್ಟರು. ಬೀಗದ ಕೈ ಇರಬೇಕಾದ ಜಾಗದಲ್ಲಿ ನನ್ನದೇ ಫೋಟೋ ನೇತಾಡುತ್ತಿತ್ತು, ಅದೂ ಕಳ್ಳಿಯ ಹಾಗೆ ಬಂದಿತ್ತು.

ಕೂರುವುದು ಅಷ್ಟು ಕಷ್ಟದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ನಮ್ಮವರು ಮೊದಲ ದಿನ ಕುರ್ಚಿಯನ್ನು ಏರಿಸಿದರು, ಇಳಿಸಿದರು, ತಲೆಕೆಳಗು ಮಾಡಿ ಗಾಲಿ ಬಿಚ್ಚಿ ಎಣ್ಣೆ ಹಾಕಿದರು. ಎರಡನೇ ದಿನ ಬಾಗಿಲ ಕೀಲು. ಮೂರನೇ ದಿನ ಕಾಫಿ ಮೆಶಿನ್ನಿನ ಹೊಟ್ಟೆ ಬಗೆದರು; ನಗುಮುಖಿ ಅಳುವುದೊಂದು ಬಾಕಿ. ನಾಲ್ಕನೇ ದಿನ ಬಿಚ್ಚಲು ಏನೂ ಉಳಿಯದೆ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತ ಕೂತರು. ನಾನು ಮಾತ್ರ ಸುಖವಾಗಿದ್ದೆನೇ? ನಿಂತು ನಿಂತು ಅಭ್ಯಾಸವಾದ ಮೈ, ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಬೀರುವಿನಷ್ಟಿರುವ ಕೋಣೆಯಲ್ಲಿ ಇಬ್ಬರೂ ಎದ್ದು, ಎದುರಾಗಿ, ದಾರಿ ಬಿಟ್ಟುಕೊಟ್ಟು, ಮತ್ತೆ ಕೂತು, ಮತ್ತೆ ಎದ್ದು. ಎದುರಿನ ಕೋಣೆಯ ಸಾಲದ ಕಂಪನಿಯವನು ಗಾಜಿನಿಂದಾಚೆ ನಮ್ಮನ್ನೇ ನೋಡುತ್ತಿದ್ದ.

ಅದೇ ದಿನ ಮಧ್ಯಾಹ್ನ ನಮ್ಮವರು ತಟ್ಟನೆ ಕೈ ಎತ್ತಿದರು. "ಕೇಳಿಸ್ತಾ?"

"ಏನು?"

"ಹದಿಮೂರು ದಾಟುವಾಗ ಟಕ್ ಅನ್ನತ್ತೆ. ತಡಿ... ಈಗ. ಟಕ್!"

"ನಂಗೇನೂ ಕೇಳಿಸ್ಲಿಲ್ಲ. ಆ ಲಿಫ್ಟ್ ನಮ್ಮದಲ್ಲ. ಅದನ್ನ ನೋಡ್ಕೊಳಕ್ಕೆ ಬೇರೆಯೋರಿದಾರೆ. ನೀವು ಕೂತ್ಕೊಳ್ಳಿ."

"ಕೂತೇ ಇದೀನಲ್ಲ" ಎಂದರು, ನಿಂತುಕೊಂಡೇ. ಅವರ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಜೀವ ಬಂದಿತ್ತು. ನನಗೆ ಭಯವಾಯಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು.

ಆ ಕಟ್ಟಡದ ಲಿಫ್ಟು ನೋಡಿಕೊಳ್ಳುವವನೊಬ್ಬನಿದ್ದ, ನಮ್ಮವರ ವಯಸ್ಸಿನವನೇ. ಅವನಿಗೆ ನಾನಿಟ್ಟ ಹೆಸರು ಗಡಿಬಿಡಿ. ಒಂದು ಕೆಲಸ ಹಿಡಿದು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಓಡುವ ಜಾತಿ. ಬಲ್ಬು ಬದಲಿಸಲು ಏಣಿ ತಂದು, ಬಲ್ಬು ಮರೆತು, ಬಲ್ಬು ತರಲು ಹೋಗಿ, ಏಣಿಯನ್ನು ಮರೆಯುವವನು. ಕಾಫಿ ಮೆಶಿನ್ನಿನ ಹತ್ತಿರ ನಮ್ಮವರಿಗೂ ಅವನಿಗೂ ಸ್ನೇಹ ಕುದುರಿತು. ಕಾಫಿಗೆಂದು ಹೋದವರು ತಡವಾಗಿ ಬರತೊಡಗಿದರು. ಒಂದು ದಿನ ಅವರ ಕರವಸ್ತ್ರ ಒಗೆಯಲು ತೆಗೆದರೆ ಕಪ್ಪು ಗ್ರೀಸು.

"ಇದೇನು?" ಎಂದು ಅದನ್ನು ಮುಖದ ಮುಂದೆ ಹಿಡಿದೆ.

"ಮೇಲೆ ಹೋಗಿ ಸುಮ್ನೆ ನೋಡ್ದೆ ಕಣೇ. ಯಂತ್ರದ ಕೋಣೇಲಿ. ಒಳಗೆ ಇಳೀಲಿಲ್ಲ."

"ಸುಮ್ನೆ ನೋಡಿದ್ರೆ ಕಣ್ಣಿಗೆ ಗ್ರೀಸ್ ಮೆತ್ಕೊಳ್ಬೇಕಿತ್ತು, ಕೈಗೆ ಹೇಗೆ ಬಂತು?"

"ಇನ್ನು ಮುಟ್ಟಲ್ಲ. ಆಣೆ."

"ಯಾರಾಣೆ?"

"ನಿನ್ನಾಣೆ."

"ನನ್ನ ಮೇಲೆ ನೀವು ಹಾಕಿರೋ ಆಣೆಗಳಿಗೆ ನಾನಿನ್ನೂ ಬದುಕಿರೋದೇ ಹೆಚ್ಚು" ಎಂದು ಕರವಸ್ತ್ರವನ್ನು ಅವರ ಮೇಲೆಯೇ ಎಸೆದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಕೋಣೆ ಬದಲಿಸಿಕೊಡು ಎಂದು ನಗುಮುಖಿಯನ್ನು ಕೇಳಿದೆ, ಯಾವುದೂ ಖಾಲಿ ಇರಲಿಲ್ಲ. ಮ್ಯಾನೇಜರು ಬರುವ ದಿನದ ತನಕ ಹೇಗಾದರೂ ತಳ್ಳಿದರೆ ಸಾಕು ಎಂದುಕೊಂಡೆ.

ಆ ದಿನ ಬಂತು. ನಮ್ಮವರಿಗೆ ಹೊಸ ಅಂಗಿ, ಹೊಳೆಯುವ ಬೂಟು. ಫಲಕದಲ್ಲಿ ಅವರ ಹೆಸರು. ಮೀಟಿಂಗ್ ರೂಮಿನಲ್ಲಿ ನೀರು, ಲೋಟ, ಕಾಗದ ಎಲ್ಲ ಸರಿಯಾಗಿದೆಯೇ ಎಂದು ನೋಡಲು ನಾನು ಹೋದೆ. ಬರುವಷ್ಟರಲ್ಲಿ ಕೋಣೆ ಖಾಲಿ. ಮುಖ ತೊಳೆಯಲು ಹೋಗಿರಬೇಕು ಎಂದುಕೊಂಡು ಕೂತೆ. ಮೇಜಿನ ಕೆಳಗೆ ಕಣ್ಣು ಹೋಯಿತು. ಹೊಳೆಯುವ ಬೂಟು ಅಲ್ಲೇ ಇತ್ತು, ಜೋಡಿಯಾಗಿ, ದೇವರ ಮುಂದೆ ಬಿಟ್ಟ ಹಾಗೆ. ಚೀಲದಲ್ಲಿದ್ದ ಹಳೆಯ ರಬ್ಬರ್ ಬೂಟು ಇರಲಿಲ್ಲ.

ಆಗ ನನಗೆ ಸದ್ದು ಕೇಳಿಸಿತು. ಅಂದರೆ, ಸದ್ದು ಇಲ್ಲದಿರುವುದು ಕೇಳಿಸಿತು. ಗೋಡೆ ಸುಮ್ಮನಾಗಿತ್ತು. ಇಷ್ಟು ದಿನ ಕೇಳದೆ ಇದ್ದದ್ದು ನಿಂತದ್ದೇ ತಡ, ಕಿವಿಯೊಳಗೆ ಬಾವಿ ತೆರೆದ ಹಾಗಾಯಿತು. ಈ ಹೊತ್ತಿನಲ್ಲಿ ಲಿಫ್ಟು ಯಾಕೆ ನಿಲ್ಲುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ಮಹಡಿ ಮೆಟ್ಟಿಲನ್ನು ಹೇಗೆ ಹತ್ತಿದೆನೋ. ಯಂತ್ರದ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಮೇನ್ ಸ್ವಿಚ್ ಇಳಿಸಿದ್ದರು, ಸರಿ. ಆದರೆ ಬೀಗ ಹಾಕಿರಲಿಲ್ಲ. ಬೀಗ ಕೊಕ್ಕೆಯಲ್ಲಿ ಬಾಯಿ ತೆರೆದುಕೊಂಡು ನೇತಾಡುತ್ತಿತ್ತು, ಬೀಗದ ಕೈ ಅದರಲ್ಲೇ. ಸ್ವಿಚ್ಚಿನ ಮುಂದೆ ಯಾರೂ ಇರಲಿಲ್ಲ. ಯಾರು ಬೇಕಾದರೂ ಬಂದು ಮೇಲೆತ್ತಬಹುದಿತ್ತು.

ಹಗ್ಗಗಳು ಇಳಿಯುವ ಕಿಂಡಿಯಿಂದ ಧ್ವನಿ ಬಂತು. "ಇದೀಯಾ?"

ಗಡಿಬಿಡಿಯನ್ನು ಕರೆಯುತ್ತಿದ್ದರು. ಮತ್ತೆ ಕರೆದರು. "ಇದೀಯಾ? ಏಯ್!" ಆ ಎರಡನೇ ಕೂಗಿನಲ್ಲಿ ಏನೋ ಇತ್ತು. ಇಪ್ಪತ್ತು ವರ್ಷದಲ್ಲಿ ನಾನು ಅವರನ್ನು ಎರಡು ಸಲ ಕೂಗಿಸಿರಲಿಲ್ಲ.

"ಇದೀನಿ" ಎಂದೆ.

"ನೀನಾ?"

"ಹೌದು, ನಾನೇ. ಮತ್ಯಾರು, ನಿಮ್ಮಜ್ಜಿನಾ?" ಬೀಗವನ್ನು ಸ್ವಿಚ್ಚಿಗೆ ಹಾಕಿ ಒತ್ತಿದೆ. ಬೀಗದ ಕೈಯನ್ನು ಕಾರ್ಡಿನ ದಾರಕ್ಕೆ ಸಿಕ್ಕಿಸಿ ಕೊರಳಲ್ಲಿ ಹಾಕಿಕೊಂಡೆ. "ಬೀಗ ಬಿತ್ತು. ಮೊದ್ಲು ಹೊರಗೆ ಬನ್ನಿ. ಬಂದ್ಮೇಲೆ ನಿಮ್ಗೆ ಇದೆ."

"ಆಗ್ತಿಲ್ಲ ಕಣೇ."

"ಏನಾಗ್ತಿಲ್ಲ?"

"ತಿರುಗ್ತಿದೆ."

ಅಷ್ಟು ದಿನದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಗೋಡೆಗೆ ಒರಗಿದೆ. ಅವರಿದ್ದದ್ದು ಲಿಫ್ಟಿನ ನೆತ್ತಿಯ ಮೇಲೆ, ಹದಿಮೂರು ಹದಿನಾಲ್ಕರ ನಡುವೆ. ಪಕ್ಕದಲ್ಲಿ ಒಂದು ಹೆಜ್ಜೆ ತಪ್ಪಿದರೆ ಕೆಳಗಿನ ತನಕ ತಡೆಯುವುದು ಏನೂ ಇಲ್ಲ. ಅಳಬೇಕೆನ್ನಿಸಿತು. ಅಳು ಬಂದರೆ ನಾನು ಬೈಯುತ್ತೇನೆ, ಅದು ನನ್ನ ಗುಣ.

"ಕತ್ತೆ ವಯಸ್ಸಾಯ್ತು, ಬುದ್ಧಿ ಎಲ್ಲಿ ಮೇಯಕ್ಕೆ ಹೋಗಿದೆ? ಕೂತ್ಕೊಳ್ಳಿ ಅಲ್ಲೇ. ಕೂತ್ರಾ?"

"ಕೂತೆ."

"ಮಧ್ಯದ ತೊಲೆ ಹಿಡ್ಕೊಂಡ್ರಾ? ಎರಡೂ ಕೈಯಲ್ಲಿ?"

"ಹೂಂ. ಕಣ್ಣು ಮುಚ್ಚಿದ್ರೆ ಇನ್ನೂ ಜಾಸ್ತಿ ತಿರುಗತ್ತೆ."

"ಹಾಗಾದ್ರೆ ಬಿಡಿ ಕಣ್ಣು. ಒಂದೇ ಕಡೆ ನೋಡಿ. ಎದುರಿಗೆ ಏನಿದೆ?"

"ಬೋಲ್ಟು. ಇದೇ ಟಕ್ ಅಂತಿದ್ದಿದ್ದು. ಸಡ್ಲ ಆಗಿದೆ."

"ಅದನ್ನೇ ನೋಡ್ತಿರಿ. ಮದುವೆ ದಿನ ನನ್ನ ಮುಖ ನೋಡಿದ್ದಕ್ಕಿಂತ ಚೆನ್ನಾಗಿ ನೋಡಿ."

ಕೆಳಗಿನಿಂದ ಸಣ್ಣಗೆ ಬಂತು: "ಅವತ್ತೂ ತಲೆ ತಿರುಗಿತ್ತು ಕಣೇ." ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದು. ಕೆಳಗಿನ ಬಾಗಿಲು ಕಾಯುವ ಸೆಕ್ಯುರಿಟಿಯವನು ಏದುಸಿರು ಬಿಡುತ್ತ ಬಂದ. "ಯಾರಮ್ಮ ಲಿಫ್ಟ್ ನಿಲ್ಸಿದ್ದು? ಇನ್ನೊಂದು ಮೊದ್ಲೇ ಕೆಟ್ಟು ಕೂತಿದೆ. ಕೆಳಗೆ ದೊಡ್ಡ ಸಾಹೇಬ್ರು ಕಾಯ್ತಿದಾರೆ, ಸರೀರಿ ಆ ಕಡೆ" ಎಂದು ನೇರ ಸ್ವಿಚ್ಚಿಗೆ ಕೈ ಹಾಕಲು ಬಂದ. ಬೀಗ ನೋಡಿ ನಿಂತ. "ಕೀ ಕೊಡಿ."

ನಾನು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ. "ಒಳಗೆ ಮನುಷ್ಯ ಇದಾರೆ. ಮುಟ್ಟಿದ್ರೆ ಕೈ ಮುರೀತೀನಿ."

"ಅಯ್ಯೋ, ನಂಗೇನು ಗೊತ್ತು! ಆ ಸಾಹೇಬ್ರು ಪಕ್ಕದ ಮೂರು ಟವರ್ ಮ್ಯಾನೇಜರಂತೆ. ಹದಿನಾಲ್ಕನೇ ಮಹಡೀಲಿ ಯಾರೋ ಲಿಫ್ಟ್ ಕಂಪನಿಯೋರನ್ನ ನೋಡ್ಬೇಕಂತೆ. ಕೂಗಾಡ್ತಿದಾರೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಿಫ್ಟ್ ಕಂಪನಿಯ ಬಾಗಿಲಿಗೆ ಬಂದವನಿಗೆ ಲಿಫ್ಟೇ ಇಲ್ಲ. ಯಾವ ಮನುಷ್ಯನಿಗಾಗಿ ನಾನು ಈ ಕೋಣೆ ಹಿಡಿದೆನೋ, ಫಲಕ ಹಾಕಿಸಿದೆನೋ, ಹೊಸ ಬೂಟು ತಂದೆನೋ, ಆ ಮನುಷ್ಯ ಕೆಳಗೆ ನಿಂತಿದ್ದ. ನಾನು ಓಡಿಹೋಗಿ ಎರಡು ಮಾತಾಡಿ, ನಕ್ಕು, ಕುರ್ಚಿ ಹಾಕಿ ಕೂರಿಸಿ ಬಂದಿದ್ದರೆ ಆಗುತ್ತಿತ್ತೇನೋ. ಸೆಕ್ಯುರಿಟಿಯವನನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿ ಹೋಗಬಹುದಿತ್ತು, ಕೀ ಹೇಗೂ ನನ್ನ ಕೊರಳಲ್ಲೇ ಇತ್ತು. ಆದರೆ ನಾನು 'ಇದೀನಿ' ಎಂದುಬಿಟ್ಟಿದ್ದೆ.

"ಮೆಟ್ಟಿಲು ಹತ್ಕೊಂಡು ಬರಕ್ಕೆ ಹೇಳಿ ಅವ್ರಿಗೆ. ಆಗಲ್ಲ ಅಂದ್ರೆ ಮನೆಗೆ ಹೋಗಕ್ಕೆ ಹೇಳಿ" ಎಂದೆ. "ನೀವು ಮೊದ್ಲು ಆ ಲಿಫ್ಟಿನೋನನ್ನ ಎಲ್ಲಿದ್ರೂ ಎಳ್ಕೊಂಡು ಬನ್ನಿ."

ಗಡಿಬಿಡಿ ಹಿಂಬಾಗಿಲಲ್ಲಿ ಸಾಮಾನಿನ ಲಾರಿ ಬಂದಿದೆಯೆಂದು ಇಳಿದುಹೋಗಿದ್ದನಂತೆ. ಫೋನು ಇನ್ನೂ ಕಿವಿಯಲ್ಲೇ ಇಟ್ಟುಕೊಂಡು ಓಡಿಬಂದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಹೇಳುವ ಹಾಗಿಲ್ಲ. ಪಾಪ, ಅವನ ಮುಖ ಸುಣ್ಣದ ಹಾಗಾಗಿತ್ತು. "ಹದಿನಾಲ್ಕನೇ ಮಹಡಿ ಬಾಗಿಲು ತೆಗೆದು ಕೈ ಕೊಡು. ಅವರ ಎರಡೂ ಕಾಲು ನೆಲ ಮುಟ್ಟೋ ತನಕ ಕೈ ಬಿಟ್ರೆ ನೋಡು" ಎಂದು ಕಳಿಸಿದೆ. ಕಿಂಡಿಗೆ ಬಗ್ಗಿ ಹೇಳಿದೆ, "ರೀ, ಅವನು ಬಾಗಿಲು ತೆಗೀತಾನೆ. ನಾನು ಇಲ್ಲೇ ಇದೀನಿ."

"ಇದೀಯಾ?"

"ಇದೀನಿ."

"ಇದೀಯಾ?"

"ಇದೀನಿ ಅಂದ್ನಲ್ಲ!"

ಎಷ್ಟು ಸಲ ಕೇಳಿದರೋ, ಅಷ್ಟೂ ಸಲ ಹೇಳಿದೆ. ಆಮೇಲೆ ಕೆಳಗೆ ಬಾಗಿಲು ಸರಿದ ಸದ್ದು, ಉಸಿರು, ಗಡಿಬಿಡಿಯ "ಬನ್ನಿ ಬನ್ನಿ, ಹಾಂ", ಮತ್ತೆ ಬಾಗಿಲು ಮುಚ್ಚಿದ ಸದ್ದು. ನಾನು ಕದಲಲಿಲ್ಲ. ಬಂದು ಎದುರು ನಿಲ್ಲಬೇಕು, ಅಲ್ಲಿಯವರೆಗೆ ಮನುಷ್ಯ ಒಳಗಿದ್ದಂತೆಯೇ ಲೆಕ್ಕ.

ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಹೊಸ ಅಂಗಿಯ ತುಂಬ ಗ್ರೀಸು. ಹೊಸ್ತಿಲಲ್ಲೇ ಕುಸಿದು ಕೂತರು. ನಾನು ಕೊರಳ ದಾರ ತೆಗೆದು ಕೀ ಮುಂದೆ ಹಿಡಿದೆ. ಎಂದಿನಂತೆ "ಕೈ ಕೊಡು" ಎನ್ನಲಿಲ್ಲ ಅವರು. ಅದನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ನೀನೇ ತೆಗಿ" ಎಂದರು.

ಕೆಳಗೆ ಬಂದಾಗ ನಗುಮುಖಿಯ ಮುಖದಲ್ಲಿ ನಗು ಇರಲಿಲ್ಲ. "ಹೋಗ್ಬಿಟ್ರು ಮೇಡಂ. ತಮ್ಮ ಕಟ್ಟಡದ ಲಿಫ್ಟೇ ಓಡದ ಲಿಫ್ಟ್ ಕಂಪನಿ ನಮಗೆ ಬೇಡ ಅಂತ ಕೆಳಗಿಂದ ಫೋನಲ್ಲಿ ಹೇಳಿ ಹೋದ್ರು. ನಾನು ಎಷ್ಟೋ ಹೇಳ್ದೆ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದೇ. ನಮ್ಮವರು ಹೊಳೆಯುವ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಬಂದರು.

ಎರಡು ದಿನ ಬೈದು ಬೈದು ನನಗೇ ಸುಸ್ತಾಗಿತ್ತು, ಹೊಸದಾಗಿ ಬೈಯಲು ಏನೂ ಉಳಿದಿರಲಿಲ್ಲ. ಇನ್ನು ಏನು, ಮತ್ತೆ ಚೀಲ ಹೆಗಲಿಗೇರುತ್ತದೆ, ಮತ್ತೆ ಬಾವಿ, ಎಂಬುದೊಂದೇ ತಲೆಯಲ್ಲಿ ಗಿರಗಿರ ತಿರುಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಮೈದುನನಿಗೆ ಹಳೆಯ ಕಟ್ಟಡವೊಂದರ ಕೆಲಸವಿತ್ತು. ನಾನು ಹೊರಡಲು ಸಿದ್ಧಳಾಗಿ ಗೋಡೆಯ ಮೊಳೆಗೆ ಕೈ ಹಾಕಿದೆ. ನನ್ನ ಬೀಗದ ದಾರ ಅಲ್ಲಿರಲಿಲ್ಲ.

ತಿರುಗಿ ನೋಡಿದರೆ ಅದು ನಮ್ಮವರ ಕೊರಳಲ್ಲಿತ್ತು. ಅಂಗಿಯ ಒಳಗೆ ಅರ್ಧ ಮುಚ್ಚಿಕೊಂಡಿದ್ದರು, ಯಾರಾದರೂ ನೋಡಿ ನಕ್ಕಾರೆಂಬಂತೆ. "ನಡಿಯೋ" ಎಂದರು ತಮ್ಮನಿಗೆ. ನನ್ನ ಕಡೆ ನೋಡದೆ, "ನೀನು ಆಫೀಸಿಗೆ ಹೋಗು. ತಿಂಗಳು ಮುಗಿಯೋ ತನಕ ಬಾಡಿಗೆ ಕೊಟ್ಟಿದೀವಿ, ಫೋನ್ ಬಂದ್ರೆ ತಗೊ" ಎಂದರು. ಮೈದುನ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯಲಿಲ್ಲ, ಎಲ್ಲಿ ಒಂದು ಮಾತು ಹೆಚ್ಚಾಗಿ ಅವರು ದಾರ ತೆಗೆದುಬಿಡುತ್ತಾರೋ ಎಂದು.

ಆ ದಿನ ಕೋಣೆಯಲ್ಲಿ ಒಬ್ಬಳೇ. ಕೂತೆ, ಎದ್ದೆ, ಕೂತೆ. ಈಗ ಗೋಡೆಯ ಸದ್ದು ಒಂದೂ ಬಿಡದೆ ಕೇಳಿಸುತ್ತಿತ್ತು, ಏರುವುದು ಬೇರೆ, ಇಳಿಯುವುದು ಬೇರೆ. ಟಕ್ ಮಾತ್ರ ಇರಲಿಲ್ಲ. ಗಡಿಬಿಡಿ ಆ ಬೋಲ್ಟನ್ನು ತನ್ನ ಕಂಪನಿಯವರಿಂದ ಬಿಗಿ ಮಾಡಿಸಿದ್ದನಂತೆ, ಬಂದು ಹೇಳಿಹೋದ. ಒಂದು ಕಡೆ ನಿಲ್ಲಲು ಆಗದ ನಮ್ಮವರು ಇವತ್ತು ಅಲ್ಲಿ ಸ್ವಿಚ್ ಕಾಯುತ್ತಿದ್ದಾರೆ, ನಡುವೆ ಬಿಟ್ಟು ಎಲ್ಲಾದರೂ ಹೋದರೆ? ಕೋಪ ಬಂದು ತಾವೇ ಒಳಗೆ ಇಳಿದರೆ? ಫೋನ್ ಮಾಡುವ ಹಾಗೂ ಇಲ್ಲ, ಸ್ವಿಚ್ ಕಾಯುವವರು ಫೋನ್ ಎತ್ತಬಾರದು. ಆ ನಿಯಮ ಮಾಡಿದವಳೂ ನಾನೇ.

ಸಂಜೆ ಗಾಜಿನ ಬಾಗಿಲು ತಳ್ಳಿಕೊಂಡು ಬಂದರು. ಬಂದವರೇ ತಮ್ಮ ಕುರ್ಚಿಯಲ್ಲಿ ಕೂತರು. ತಿರುಗಿಸಲಿಲ್ಲ, ಏರಿಸಲಿಲ್ಲ, ಇಳಿಸಲಿಲ್ಲ. ನೀರು ಕೊಟ್ಟೆ.

"ತಲೆ ತಿರುಗ್ತಾ?" ಎಂದೆ.

"ಇಲ್ಲ." ನೀರು ಕುಡಿದರು. "ಅವನು ಒಳಗೆ ಇಳಿದ. ಇದೀಯಾ ಅಂದ, ಇದೀನಿ ಅಂದೆ. ಆಮೇಲೆ ಸುಮಾರು ಹೊತ್ತು ಕೂಗ್ಲೇ ಇಲ್ಲ ಕಣೇ. ಏನೋ ಬಿಚ್ತಿದ್ದನಂತೆ. ನಂಗೆ ಇಲ್ಲಿ..." ಎಂದು ಎದೆ ಮುಟ್ಟಿಕೊಂಡರು. "ಕೂಗಕ್ಕೂ ಆಗಲ್ಲ, ಇಳಿಯಕ್ಕೂ ಆಗಲ್ಲ, ಬಿಟ್ಟು ಹೋಗಕ್ಕೂ ಆಗಲ್ಲ. ಸುಮ್ನೆ ಆ ಕಿಂಡೀನೇ ನೋಡ್ತಾ ನಿಂತ್ಕೊಳ್ಬೇಕು. ಏನೇನು ಯೋಚನೆ ಬರತ್ತೆ!" ಲೋಟ ಕೆಳಗಿಟ್ಟರು. ನನ್ನ ಮುಖವನ್ನೇ ನೋಡಿದರು, ಆ ಬೋಲ್ಟನ್ನು ನೋಡಿರಬಹುದಾದ ಹಾಗೆ. "ಇಪ್ಪತ್ತು ವರ್ಷ ನೀನು ದಿನಾ ಇದನ್ನೇ ಮಾಡ್ತಿದ್ಯಾ?"

"ನಾನೇನು ಮಾಡ್ತಿದ್ದೆ?" ಎಂದೆ. "ನಿಂತ್ಕೊಂಡಿದ್ದೆ ಅಷ್ಟೆ."

ಅವರು ನಗಲಿಲ್ಲ. ಗೋಡೆಯ ಆಚೆ ಲಿಫ್ಟು ಮೇಲೇರಿತು. ಇಬ್ಬರೂ ಕೇಳಿಸಿಕೊಂಡೆವು. ಅವರು ಕೊರಳಿನ ದಾರ ತೆಗೆಯಲು ಹೋಗಿ, ಬಿಟ್ಟು, ಅಂಗಿಯ ಮೇಲಕ್ಕೆ ಎಳೆದುಕೊಂಡರು.

"ನಾಳೆ ಬೇಗ ಎಬ್ಸು" ಎಂದರು. "ಸ್ವಿಚ್ ಕಾಯೋನು ಎಲ್ರಿಗಿಂತ ಮೊದ್ಲು ಹೋಗಿರ್ಬೇಕು."